ಟೈಮ್‌ಟೇಬಲ್ ಕೇಳಿದವರಿಗೆ: ಸಕಲೇಶಪುರದಲ್ಲಿ ಸಿಕ್ಕಿಕೊಂಡಿದ್ದ ಎರಡೂವರೆ ತಿಂಗಳು

ಎಲ್ಲರಿಗೂ ನಮಸ್ಕಾರ. ರಜೆಯಲ್ಲಿ ಮಕ್ಕಳು ಮನೆಯಲ್ಲೇ ಇರುತ್ತಾರೆ, ಕನ್ನಡ ಕಲಿಸೋಕೆ ಯಾರಾದ್ರೂ ಒಂದು ಟೈಮ್‌ಟೇಬಲ್ ಕೊಡಿ ಅಂತ ಮೊನ್ನೆ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಅದರ ಕೆಳಗೆ ಸುಮಾರು ಜನ ಆ್ಯಪ್, ಆನ್‌ಲೈನ್ ಕ್ಲಾಸ್ ಅಂತ ಬರೆದಿದ್ದೀರಿ. ನಾನು ಟೈಮ್‌ಟೇಬಲ್ ಮಾಡಿ ಸೋತವಳು. ಆ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

2020ರ ಮಾರ್ಚ್ ಮೊದಲ ವಾರ ಮೈದುನನ ಮದುವೆಗೆ ನ್ಯೂಜೆರ್ಸಿಯಿಂದ ಊರಿಗೆ ಹೋಗಿದ್ದೆವು. ಹಾಸನ ಜಿಲ್ಲೆ, ಸಕಲೇಶಪುರದಿಂದ ಒಳಗೆ, ಕಾಫಿ ತೋಟದ ಮನೆ. ಮದುವೆ ಮುಗಿಸಿ ನಮ್ಮವರು ಕೆಲಸಕ್ಕೆ ವಾಪಸ್ ಹೋದರು. ನನಗೂ ಮಕ್ಕಳಿಗೂ 26ಕ್ಕೆ ಟಿಕೆಟ್ ಇತ್ತು. 22ಕ್ಕೆ ಜನತಾ ಕರ್ಫ್ಯೂ, ಆಗಲೇ ಹೊರದೇಶದ ವಿಮಾನಗಳೂ ಬಂದ್. 24ರ ರಾತ್ರಿ ಟಿವಿಯಲ್ಲಿ 21 ದಿನದ ಲಾಕ್‌ಡೌನ್ ಅಂದರು. ಮಾರನೆಯ ದಿನವೇ ಯುಗಾದಿ. ಅತ್ತೆ ಬೇವು ಬೆಲ್ಲ ಕೈಗಿಟ್ಟಾಗ ನನ್ನ ಪಾಲಿಗೆ ಬರೀ ಬೇವೇ ಬಂದಂತಿತ್ತು. ಗಂಡ ಇಲ್ಲದೆ ಅತ್ತೆಮನೆಯಲ್ಲಿ ಎರಡೂವರೆ ತಿಂಗಳು ಇದ್ದದ್ದರ ಬಗ್ಗೆ ಬೇರೆಯೇ ಪೋಸ್ಟ್ ಬರೆಯಬಹುದು. ಅತ್ತೆಯೂ ಈ ಗುಂಪಿನಲ್ಲಿದ್ದಾರೆ, ಬರೆಯಲ್ಲ.

ಮಗಳಿಗೆ ಆಗ 11, ಮಗನಿಗೆ 7. ಇಬ್ಬರಿಗೂ ಕನ್ನಡ ಅರ್ಥ ಆಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಸಿಕ್ಕಿದ್ದೇ ಅವಕಾಶ ಅಂತ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆ. 10ರಿಂದ 11 ಅಕ್ಷರಮಾಲೆ, 11ರಿಂದ 12 ಕಾಗುಣಿತ, ಮಧ್ಯಾಹ್ನ ಶ್ಲೋಕ. ನಾಲ್ಕನೇ ದಿನಕ್ಕೆ ಮಗಳು ಅತ್ತು ಕೋಣೆ ಸೇರಿದಳು, ಮಗ ಸ್ಲೇಟು ಒಡೆದ. ಹಾಳೆಯನ್ನು ಅತ್ತೆಯೇ ಕಿತ್ತು ಒಲೆಗೆ ಹಾಕಿದರು. ಆವತ್ತು ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ.

ಅದು ಮೆಣಸಿನ ಕೊಯ್ಲಿನ ಸಮಯ. ಬಸ್ಸಿಲ್ಲದೆ ಹೊರಗಿನ ಆಳುಗಳು ಬರುತ್ತಿರಲಿಲ್ಲ, ತೋಟದೊಳಗೇ ಆಳುಗಳಿಗೆ ಕಟ್ಟಿದ ಲೈನ್‌ ಮನೆಗಳಲ್ಲಿದ್ದವರು ಮಾತ್ರ. ಮಾವನಿಗೆ ಕೈ ಸಾಲುತ್ತಿರಲಿಲ್ಲ. ಮಗನನ್ನು ಕಣಕ್ಕೆ ಕರೆದುಕೊಂಡು ಹೋಗಿ ಮೆಣಸು ಕೈಯಾಡಿಸೋದು, ಕೋಳಿ ಓಡಿಸೋದು ಹೇಳಿಕೊಟ್ಟರು. ಹಸಿರು ಕಾಳು ನಾಲ್ಕೈದು ದಿನದ ಬಿಸಿಲಿಗೆ ಕಪ್ಪಾಗೋದನ್ನು ಅವನು ಬಾಯಿಬಿಟ್ಟು ನೋಡುತ್ತಿದ್ದ. ಕಣದಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ನೀರು ಬೇಕಿದ್ದರೆ ನೀರು ಅನ್ನಬೇಕು, ಅಷ್ಟೇ. ಎರಡು ವಾರಕ್ಕೆ ಬಾಯಿ ಬಿಟ್ಟ. ಬಿಟ್ಟದ್ದು ಹೇಗೆ ಅಂದರೆ, ಮಾವ ಏಣಿ ಹತ್ತೋಕೆ ಹೋದಾಗ ಕೆಳಗಿನಿಂದ ಜೋರಾಗಿ, 'ತಾತ, ಇಳಿಯೋ ಕೆಳಗೆ! ಸುಮ್ನೆ ಕೂತ್ಕೊಳೋ!' ಅಂತ ಕೂಗಿದ. ಮೈದುನ ನಾಯಿಗೆ ಹೇಳೋದನ್ನು ಕೇಳಿ ಕಲಿತದ್ದು. ಆಳುಗಳೆಲ್ಲ ನಕ್ಕು ನಕ್ಕು ಸುಸ್ತು. ಮಾವ ಇಳಿದು ಬಂದು ಬಹಳ ಗಂಭೀರವಾಗಿ, 'ನಾಯಿಗೆ ಕೂತ್ಕೊಳೋ, ತಾತನಿಗೆ ಕೂತ್ಕೊಳ್ಳಿ' ಅಂದರು. ನಾನು ವರ್ಷಗಟ್ಟಲೆ ಹೇಳಿಕೊಟ್ಟರೂ ಹತ್ತದ ಬಹುವಚನ ಆವತ್ತು ತಲೆಗೆ ಹೋಯಿತು.

ಮಗಳದ್ದು ಬೇರೆ ದಾರಿ. ಮೆಣಸಿನ ತೂಕ ಬರೆಯೋ ಕೆಲಸ ಮಾವ ಅವಳಿಗೆ ಕೊಟ್ಟರು. ಹಸಿ 100 ಕೆಜಿ ಒಣಗಿದರೆ ಹೆಚ್ಚುಕಡಿಮೆ 33 ಕೆಜಿ ಉಳಿಯುತ್ತದೆ. ಉಳಿದದ್ದು ಎಲ್ಲಿ ಹೋಯಿತು ಅಂತ ಮೊದಲ ದಿನ ತಾತನ ಜೊತೆ ಜಗಳಕ್ಕೇ ನಿಂತಿದ್ದಳು. ಆ ಲೆಕ್ಕದ ಪುಸ್ತಕ ಪೂರ್ತಿ ಕನ್ನಡ, ಅದೂ ಮಾವನ ಕೋಳಿಕಾಲಿನ ಅಕ್ಷರ. ನನ್ನ ಅಕ್ಷರಮಾಲೆಯಲ್ಲಿ ಐರಾವತ, ಋಷಿ ಇದ್ದರು. ಮಾವನ ಪುಸ್ತಕದಲ್ಲಿ ಡೀಸೆಲ್, ಮುಂಗಡ, ಗೊಬ್ಬರ. ಗೊಬ್ಬರ ಓದೋಕೆ ಹೋಗಿ ಒತ್ತಕ್ಷರ ಕಲಿತಳು. ಯಾರ ಹೆಸರಿನ ಮುಂದೆ ಎಷ್ಟು ಮುಂಗಡ ಇದೆ ಅನ್ನೋ ಕುತೂಹಲಕ್ಕೆ ಉಳಿದದ್ದನ್ನೂ ಕಲಿತಳು. ಮೇ ಹೊತ್ತಿಗೆ ಹಳೇ ಬಾಕಿಗಳನ್ನೆಲ್ಲ ಊಟದ ಹೊತ್ತಿಗೆ ಗಟ್ಟಿಯಾಗಿ ಓದೋಕೆ ಶುರು ಮಾಡಿದಾಗ ಮಾವನೇ ಪುಸ್ತಕ ಬೀರುವಿನೊಳಗೆ ಇಟ್ಟರು.

ಮಕ್ಕಳ ಸ್ಕೂಲೂ ಆನ್‌ಲೈನ್‌ನಲ್ಲಿ ನಡೆಯುತ್ತಿತ್ತು. ನ್ಯೂಜೆರ್ಸಿಯ ಬೆಳಿಗ್ಗೆ 9 ಅಂದರೆ ಊರಲ್ಲಿ ಸಂಜೆ 6:30. ನೆಟ್‌ವರ್ಕ್ ಕಣದ ಮೂಲೆಯಲ್ಲಿ ಮಾತ್ರ. ಅದು ಆನೆ ಓಡಾಡುವ ಹೊತ್ತು. ಅರಣ್ಯ ಇಲಾಖೆಯ ಮೆಸೇಜ್ ಬಂದ ದಿನ ಲ್ಯಾಪ್‌ಟಾಪ್ ಮಡಚಿ ಒಳಗೆ ಓಡುತ್ತಿದ್ದೆವು. ಆನೆ ಬಂತು, ಅದಕ್ಕೆ ಹೊರಟೆ ಅಂತ ಮಗಳು ಹೇಳಿದ್ದನ್ನು ಟೀಚರ್ ಮೊದಲ ಸಲ ನಂಬಲೇ ಇಲ್ಲ.

ಮಧ್ಯಾಹ್ನಗಳಲ್ಲಿ ಹಲಸಿನ ಹಪ್ಪಳ. ಬಲಿತ ಕಾಯಿಯ ತೊಳೆ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ಕುಟ್ಟಿ, ಉಂಡೆ ಮಾಡಿ ಒತ್ತೋದು. ಮೇಣ ಅಂಟದ ಹಾಗೆ ಕೈಗೆ ಎಣ್ಣೆ. ಮಕ್ಕಳು ಒಣಹಾಕಿದ್ದಕ್ಕಿಂತ ಹಸಿ ಹಿಟ್ಟು ತಿಂದದ್ದೇ ಜಾಸ್ತಿ. ಚಾಪೆ ಪಕ್ಕದಲ್ಲಿ ಕಾಗೆ ಕಾಯುತ್ತಾ ಚೌಕಾಬಾರ. ನಾಲ್ಕು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದು ಐದಲ ಇಪ್ಪತ್ತೈದು ಮನೆ ಬರೆದು ಅತ್ತೆ ಆಡಿಸುತ್ತಿದ್ದರು. ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ಅದೇ ಚೌಕ; ನಾಲ್ಕೂ ಕವುಚಿ ಬಿದ್ದರೆ ಎಂಟು, ಅದೇ ಬಾರ. ಎರಡಕ್ಕೂ ಇನ್ನೊಂದು ಆಟ. ಇಂಗ್ಲಿಷಿನಲ್ಲಿ ಎಣಿಸಿದರೆ ಅತ್ತೆ ಕಾಯಿ ನಡೆಸೋಕೇ ಬಿಡುತ್ತಿರಲಿಲ್ಲ.

ಜೂನ್‌ನಲ್ಲಿ, ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡವರಿಗೆ ಅಂತ ಸರ್ಕಾರ ಬಿಟ್ಟಿದ್ದ ವಂದೇ ಭಾರತ್ ವಿಮಾನದಲ್ಲಿ ದೆಹಲಿ ಮೂಲಕ ವಾಪಸ್ ಬಂದೆವು. ಇಲ್ಲಿಗೆ ಬಂದ ಮೇಲೆ ಏನಾಯಿತು ಅಂತ ಕೇಳುತ್ತೀರಿ ಅಲ್ವಾ? ವರ್ಷ ಕಳೆಯೋದರೊಳಗೆ ಮಗ ಅರ್ಧ ಮರೆತ. ಮಗಳ ಓದು ಉಳಿಯಿತು. ವಿಡಿಯೋ ಕಾಲ್‌ನಲ್ಲಿ 'ಅಜ್ಜಿ ಹತ್ರ ಮಾತಾಡು' ಅಂದರೆ ಮಗ 'ಚೆನ್ನಾಗಿದ್ದೀನಿ' ಅಂತ ಒಂದೇ ಮಾತಿಗೆ ಫೋನ್ ಕೊಟ್ಟುಬಿಡುತ್ತಿದ್ದ. ಅದಕ್ಕೇ ಮಾತು ಬಿಟ್ಟು ವಿಡಿಯೋದಲ್ಲೇ ಚೌಕಾಬಾರ ಹಿಡಿದೆವು. ಅದೇ ಇಪ್ಪತ್ತೈದು ಮನೆಯನ್ನು ಅಲ್ಲೂ ಇಲ್ಲೂ ಬರೆದುಕೊಂಡು, ಇಬ್ಬರ ಕಾಯಿಯನ್ನೂ ಎರಡೂ ಕಡೆ ನಡೆಸೋದು. ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆ. ಜಗಳ ಎಲ್ಲ ಕನ್ನಡದಲ್ಲೇ, ಯಾಕಂದ್ರೆ ಅತ್ತೆಗೆ ಬೇರೆ ಭಾಷೆಯಲ್ಲಿ ಜಗಳ ಬರಲ್ಲ.

ಕ್ಲಾಸ್ ಬೇಡ ಅಂತಲ್ಲ. ಅನುಕೂಲ ಇದ್ದವರು ಸೇರಿಸಿ. ಆದರೆ ಮನೆಯಲ್ಲಿರೋ ಸಮಯವನ್ನೂ ಕ್ಲಾಸ್ ಮಾಡಬೇಡಿ ಅಂತ ನನ್ನ ಅಭಿಪ್ರಾಯ. ತೋಟ ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ತೋಟ ಬೇಡ ರೀ, ಮನೆ ಸಾಮಾನಿನ ಚೀಟಿ ಕನ್ನಡದಲ್ಲಿ ಬರೆದು ಮಕ್ಕಳ ಕೈಗೇ ಕೊಟ್ಟು ಅಂಗಡಿಗೆ ಕರೆದುಕೊಂಡು ಹೋಗಿ. ಚಾಕೊಲೇಟ್ ಅಂತ ಕೊನೆಯ ಸಾಲಿನಲ್ಲಿ ಬರೆದಿರಿ, ಪೂರ್ತಿ ಓದುತ್ತಾರೆ.

ಚೌಕಾಬಾರಕ್ಕೆ ಕವಡೆ ಎಲ್ಲಿ ಸಿಗುತ್ತೆ ಅನ್ನೋರಿಗೆ: ನಾವು ಪಿಸ್ತಾ ಸಿಪ್ಪೆ ಬಳಸುತ್ತೇವೆ, ನಾಲ್ಕು ಸಾಕು. ಅತ್ತೆಗೆ ಮಾತ್ರ ಅದು ಒಪ್ಪಿಗೆ ಇಲ್ಲ. ಪಿಸ್ತಾ ಸಿಪ್ಪೆ ಬೇಕಂತಲೇ ಕವುಚಿ ಬೀಳುತ್ತದೆ, ಅದಕ್ಕೇ ಮೊಮ್ಮಗನಿಗೆ ಅಷ್ಟು ಬಾರ ಅಂತ ಅವರ ದೂರು.