ಪದಚರ್ಚೆ: ಗಾಲ್ಫ್ ಹ್ಯಾಂಡಿಕ್ಯಾಪ್‌ನ ‘ಸಾಫ್ಟ್ ಕ್ಯಾಪ್’, ‘ಹಾರ್ಡ್ ಕ್ಯಾಪ್’ – ಎರಡಕ್ಕೂ ‘ಮಿತಿ’ ಎನ್ನಬಹುದೇ?

ಮಾನ್ಯರೇ,

ಮುಂಬೈನ ಚೆಂಬೂರಿನಲ್ಲಿ ನಮ್ಮ ಕನ್ನಡ ಬಳಗದ ಸಂಚಿಕೆಯೊಂದಕ್ಕಾಗಿ ಗಾಲ್ಫ್ ಹ್ಯಾಂಡಿಕ್ಯಾಪ್ ನಿಯಮಗಳ ಕುರಿತ ಬರಹವನ್ನು ತಿದ್ದುತ್ತಿದ್ದೇನೆ. ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇದೇ ಉಪನಗರದಲ್ಲಿರುವುದರಿಂದ ಹ್ಯಾಂಡಿಕ್ಯಾಪ್ ಎಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ, ಆದರೆ ಅದರ ಲೆಕ್ಕ ತಿಳಿದವರು ಕಡಿಮೆ. ಗಾಲ್ಫಿನಲ್ಲಿ ಹೊಡೆತಗಳು ಕಡಿಮೆಯಾದಷ್ಟೂ ಆಟ ಉತ್ತಮ; ಆಟಗಾರನ ಮಟ್ಟಕ್ಕೆ ತಕ್ಕಂತೆ ಹೊಡೆತಗಳಲ್ಲಿ ಕೊಡುವ ರಿಯಾಯಿತಿಯೇ ಹ್ಯಾಂಡಿಕ್ಯಾಪ್, ಅದನ್ನು ಅಳೆಯುವ ಸಂಖ್ಯೆಯೇ ಸೂಚ್ಯಂಕ (ಇಂಡೆಕ್ಸ್). ಬರಹದಲ್ಲಿ ಒಂದು ವಾಕ್ಯ ಹೀಗಿದೆ: “ಆಟಗಾರನ ಸೂಚ್ಯಂಕದ ಏರಿಕೆಗೆ ಮೂರರ ಮಿತಿಯೂ ಐದರ ಮಿತಿಯೂ ಇದೆ.” ಮೂರಕ್ಕೇ ಮಿತಿ ಮುಗಿಯುವುದಾದರೆ ಐದರ ಮಾತೇಕೆ ಎಂದು ಯಾರಾದರೂ ಕೇಳಿದರೆ ಈ ವಾಕ್ಯದಲ್ಲಿ ಉತ್ತರವಿಲ್ಲ. ಇದೇ ಬರಹದಲ್ಲಿ ಸೂಚ್ಯಂಕ 54.0ನ್ನು ದಾಟುವಂತಿಲ್ಲ ಎಂಬ ನಿಯಮಕ್ಕೂ ‘ಮಿತಿ’ ಎಂದೇ ಬಂದಿದೆ.

ಪದ ಹುಡುಕುವ ಮೊದಲು ನಿಯಮವನ್ನು ಹೇಳಿಬಿಡುತ್ತೇನೆ. 2020ರಲ್ಲಿ ಗಾಲ್ಫ್ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಜಾರಿಗೆ ತಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಆಟಗಾರನ ಇತ್ತೀಚಿನ 20 ಸುತ್ತುಗಳನ್ನು ತೆಗೆದುಕೊಂಡು, ಮೈದಾನದ ಕಷ್ಟಕ್ಕೆ ತಕ್ಕಂತೆ ಸರಿದೂಗಿಸಿದ ಸ್ಕೋರುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯನ್ನು ಸೂಚ್ಯಂಕವೆಂದು ಹಿಡಿಯುತ್ತಾರೆ. ಹಿಂದಿನ 365 ದಿನಗಳಲ್ಲಿ ಆತ ತಲುಪಿದ್ದ ಅತಿ ಕಡಿಮೆ ಸೂಚ್ಯಂಕವನ್ನು ಬೇರೆಯಾಗಿ ಗುರುತಿಟ್ಟುಕೊಳ್ಳುತ್ತಾರೆ. ಹೊಸ ಸರಾಸರಿಯು ಆ ಗುರುತಿಗಿಂತ 3.0ಕ್ಕೂ ಮೀರಿ ಹೆಚ್ಚಾದರೆ, ಮೀರಿದ ಭಾಗದಲ್ಲಿ ಅರ್ಧವನ್ನು ಮಾತ್ರ ಸೇರಿಸಲಾಗುತ್ತದೆ; ಇದು ಸಾಫ್ಟ್ ಕ್ಯಾಪ್. ಹೀಗೆ ಅರ್ಧ ಮಾಡಿದ ಮೇಲೂ ಒಟ್ಟು ಹೆಚ್ಚಳ 5.0ನ್ನು ದಾಟಬಾರದು, ಇದು ಹಾರ್ಡ್ ಕ್ಯಾಪ್.

ಗುರುತು 12.4 ಇರುವ ಒಬ್ಬರ ಹೊಸ ಸರಾಸರಿ 17.8 ಬಂತೆನ್ನೋಣ. ಹೆಚ್ಚಳ 5.4. ಮೊದಲ 3.0 ಪೂರ್ತಿ ಸಲ್ಲುತ್ತದೆ, ಉಳಿದ 2.4ರಲ್ಲಿ ಅರ್ಧ, ಅಂದರೆ 1.2 ಸಲ್ಲುತ್ತದೆ, ಸೂಚ್ಯಂಕ 16.6 ಆಗುತ್ತದೆ. ಅವರ ಆಟ ಇನ್ನೂ ಕೆಟ್ಟು ಸರಾಸರಿ 20.0ಕ್ಕೆ ಹೋದರೆ ಅರ್ಧ ಮಾಡಿದ ಲೆಕ್ಕವೂ 5.3 ಬರುವುದರಿಂದ ಅದನ್ನು 5.0ಕ್ಕೆ ಕತ್ತರಿಸಿ 17.4ರಲ್ಲಿ ನಿಲ್ಲಿಸುತ್ತಾರೆ. ‘ಐದರ ಮಿತಿ’ ಎಂದು ಓದಿದವರು ಸರಾಸರಿ ಐದು ಹೆಚ್ಚಾದ ಕೂಡಲೇ ತಡೆ ಬೀಳುತ್ತದೆಂದು ತಿಳಿಯುತ್ತಾರೆ; ನಿಜದಲ್ಲಿ ಸರಾಸರಿ ಏಳನ್ನು ಮೀರಿ ಹೆಚ್ಚಿದಾಗಲೇ ಆ ತಡೆ ಕೆಲಸ ಮಾಡುವುದು.

ಆದ್ದರಿಂದ ಸಾಫ್ಟ್ ಕ್ಯಾಪ್ ಎಂಬುದು ಮಿತಿಯೇ ಅಲ್ಲವೆಂದು ನನಗನ್ನಿಸುತ್ತದೆ. ಅದು ವೇಗವನ್ನು ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಅದಕ್ಕೆ ‘ಕಡಿವಾಣ’ವೆಂದೂ, ದಾಟಲಾಗದ ಎರಡನೆಯದಕ್ಕೆ ‘ಮೇರೆ’ಯೆಂದೂ ಬರೆದು, ‘ಮಿತಿ’ಯನ್ನು 54.0ಕ್ಕೆ ಮಾತ್ರ ಉಳಿಸಿಕೊಳ್ಳಬಹುದೇ? ‘ಮೆದುಮಿತಿ’, ‘ಗಡಸುಮಿತಿ’ ಎಂಬ ಜೋಡಿಯನ್ನೂ ಒಬ್ಬರು ಸೂಚಿಸಿದರು. ಅಲ್ಲಿ ಕನ್ನಡದ ಅಕ್ಷರಗಳಿವೆ, ಅರ್ಥ ಮಾತ್ರ ಇಂಗ್ಲಿಷನ್ನು ಬಲ್ಲವರಿಗೇ ಹೊಳೆಯುತ್ತದೆ. (ಹ್ಯಾಂಡಿಕ್ಯಾಪ್ ಎಂಬ ಪದವೇ ಟೋಪಿಯೊಳಗೆ ಕೈಹಾಕಿ ಆಡುತ್ತಿದ್ದ ಹಳೆಯ ಇಂಗ್ಲಿಷ್ ಪಣದಾಟದ ಹೆಸರಿನಿಂದ ಬಂದದ್ದು. ಟೋಪಿಯ ಮೇಲೆ ಇನ್ನೂ ಎರಡು ಟೋಪಿ ಹಾಕಿದವರು ಅವರು. ನಾವು ಅವನ್ನೆಲ್ಲ ಹೊರಬೇಕಿಲ್ಲ.)

ಆ ಗುರುತಿನ ಹೆಸರೂ ತೊಡಕಿನದೇ. ‘ಕನಿಷ್ಠ ಹ್ಯಾಂಡಿಕ್ಯಾಪ್’ ಎಂದರೆ ಜೀವಮಾನದ ಕನಿಷ್ಠವೆಂದೋ ನಿಯಮ ಒಪ್ಪುವ ಕನಿಷ್ಠವೆಂದೋ ಕೇಳುತ್ತದೆ. ‘ವರ್ಷದ ಕನಿಷ್ಠ’ ಎಂದರೆ ಜನವರಿಯಿಂದ ಎಣಿಸುವವರಿದ್ದಾರೆ. ‘ಹಿಂದಿನ 365 ದಿನಗಳ ಕನಿಷ್ಠ’ ಎಂದು ಉದ್ದವಾಗಿಯೇ ಬರೆಯುವುದು ಮೇಲು. ಒಟ್ಟು 20 ಸ್ಕೋರು ದಾಖಲಾಗುವವರೆಗೆ ಈ ಗುರುತು ಹುಟ್ಟುವುದೇ ಇಲ್ಲ. ಹೊಸಬರಿಗೆ ಕಡಿವಾಣವೂ ಇಲ್ಲ, ಮೇರೆಯೂ ಇಲ್ಲ. ಅನಾರೋಗ್ಯ, ಗಾಯದಂಥ ಕಾರಣವಿದ್ದರೆ ಹಳಬರಿಗೂ ಇವೆರಡನ್ನು ಸಡಿಲಿಸುವ ಅಧಿಕಾರ ಹ್ಯಾಂಡಿಕ್ಯಾಪ್ ಸಮಿತಿಗಿದೆ.

ಇನ್ನು ಇಳಿಕೆಯ ವಿಷಯ. ಕೆಳಮುಖವಾಗಿ ಇಂಥ ತಡೆ ಯಾವುದೂ ಇಲ್ಲ. ಅಷ್ಟೇ ಅಲ್ಲ, ಆಗ ಚಾಲ್ತಿಯಲ್ಲಿದ್ದ ಸೂಚ್ಯಂಕಕ್ಕಿಂತ 7.0ರಿಂದ 9.9ರಷ್ಟು ಉತ್ತಮವಾದ ಸುತ್ತನ್ನು ಯಾರಾದರೂ ಆಡಿದರೆ ಸೂಚ್ಯಂಕದಿಂದ ಹೆಚ್ಚುವರಿಯಾಗಿ 1.0ನ್ನೂ, 10.0 ಅಥವಾ ಅದಕ್ಕಿಂತ ಉತ್ತಮವಾದರೆ 2.0ನ್ನೂ ಕಳೆಯುತ್ತಾರೆ. ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಂಡು ಪಂದ್ಯದ ದಿನ ಬಹುಮಾನ ಹೊಡೆಯುವವರಿರುವುದರಿಂದ ಈ ಒಮ್ಮುಖದ ಬಿಗಿ ನ್ಯಾಯವೆಂದೇ ನನಗೆ ತೋರುತ್ತದೆ. ಹೀಗಿದ್ದೂ ‘ಏರಿಳಿತದ ಮಿತಿ’ ಎಂಬ ಉಪಶೀರ್ಷಿಕೆ ಬರಹದಲ್ಲಿದೆ. ಇಳಿತಕ್ಕೆ ಮಿತಿಯಿಲ್ಲದ ಮೇಲೆ ಅದು ತಪ್ಪು ಮಾಹಿತಿಯಾಗುತ್ತದೆ, ಅದನ್ನು ತೆಗೆಯಲೇಬೇಕು.

ಆದರೆ ನನ್ನ ಮುಖ್ಯ ಅನುಮಾನವಿರುವುದು ಕ್ರಿಯಾಪದಗಳ ಬಗ್ಗೆ. ಸೆನ್ಸೆಕ್ಸ್ ಇರುವ ಈ ಊರಿನಲ್ಲಿ ‘ಸೂಚ್ಯಂಕ ಏರಿತು’ ಎಂದರೆ ಒಳ್ಳೆಯ ಸುದ್ದಿ. ಟೆನಿಸ್ ವರದಿಯಲ್ಲಿ ಹತ್ತನೆಯವನು ನಾಲ್ಕನೆಯವನಾದರೂ ‘ಶ್ರೇಯಾಂಕದಲ್ಲಿ ಮೇಲೇರಿದ’ ಎನ್ನುತ್ತೇವೆ, ಸಂಖ್ಯೆ ಇಳಿದದ್ದನ್ನು ಗಮನಿಸುವುದೇ ಇಲ್ಲ. ಗಾಲ್ಫಿನಲ್ಲಿ ಸೂಚ್ಯಂಕ ಏರಿದರೆ ಆಟ ಕುಸಿದಿದೆ ಎಂದರ್ಥ. ಹ್ಯಾಂಡಿಕ್ಯಾಪ್ ಎಂಬುದು ಆಟಗಾರನಿಗೆ ಕೊಡುವ ರಿಯಾಯಿತಿಯಾದ್ದರಿಂದ ‘ಏರು–ಇಳಿ’ಗಳನ್ನು ಬಿಟ್ಟು ‘ಹೆಚ್ಚು–ಕಡಿಮೆ’ಗಳನ್ನೇ ಬಳಸಿದರೆ ಗೊಂದಲ ತಪ್ಪುತ್ತದೆಂದು ನನ್ನ ಅಭಿಪ್ರಾಯ: ಆಟ ಸುಧಾರಿಸಿತು, ರಿಯಾಯಿತಿ ಕಡಿಮೆಯಾಯಿತು.

‘ಸೂಚ್ಯಂಕ’ದ ಬದಲು ‘ನಿರ್ದೇಶಾಂಕ’ ಹಾಕೋಣವೆಂಬ ಸಲಹೆಯೂ ಬಂದಿದೆ. ಮರಾಠಿ ಪತ್ರಿಕೆಗಳಲ್ಲಿ ಷೇರುಪೇಟೆಯ ಸೂಚ್ಯಂಕಕ್ಕೆ ಅದೇ ರೂಢಿಯ ಪದ, ಮುಂಬೈ ಕನ್ನಡಿಗರ ನಾಲಿಗೆಗೂ ಅದು ಸಲೀಸು. ಆದರೆ ಕನ್ನಡ ಮಾಧ್ಯಮದಲ್ಲಿ ಗಣಿತ ಓದಿದವರಿಗೆ ನಿರ್ದೇಶಾಂಕವೆಂದರೆ ನಕ್ಷೆಯ ಮೇಲಿನ ಬಿಂದುವಿನ ಸ್ಥಾನ. ಹಾಗಾಗಿ ನಾನು ಒಪ್ಪಿಲ್ಲ.

‘ಕಡಿವಾಣ’, ‘ಮೇರೆ’ಗಳನ್ನು ಕ್ರೀಡೆ ಅಥವಾ ಹಣಕಾಸಿನ ಬರಹಗಳಲ್ಲಿ ಈ ನಿರ್ದಿಷ್ಟ ಅರ್ಥಗಳಲ್ಲಿ ಯಾರಾದರೂ ಮೊದಲೇ ಬಳಸಿದ್ದರೆ ದಯವಿಟ್ಟು ಪ್ರಯೋಗದ ಸಮೇತ ತಿಳಿಸಬೇಕು. ‘ಮೇರೆ’ಗೆ ಈಗಿನ ಓದುಗರಲ್ಲಿ ‘ಆದೇಶದ ಮೇರೆಗೆ’ ಎಂಬ ಕಚೇರಿ ಬಳಕೆಯೇ ಮೊದಲು ನೆನಪಾಗುವುದಾದರೆ ‘ಎಲ್ಲೆ’ ಎಂದು ಬದಲಾಯಿಸಲೂ ನಾನು ಸಿದ್ಧನಿದ್ದೇನೆ.