ಪೈಥಾನೋ, ಮಾಡೆಲ್ 19ಓ? ಒಂದನ್ನು ಮಾರಲೇಬೇಕು

ಡಲ್ಲಾಸ್ ಗೌಡ:
ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಕೈಲಿರುವುದು ಎರಡು .357 ಮ್ಯಾಗ್ನಂ ರಿವಾಲ್ವರ್. ಒಂದು 1978ರ ಕೋಲ್ಟ್ ಪೈಥಾನ್, ಆರು ಇಂಚಿನ ಬ್ಯಾರೆಲ್, ಮೂಲ ಡಬ್ಬಿ, ಮೂಲ ಹಿಡಿಕೆ. ಇನ್ನೊಂದು ಸ್ಮಿತ್ ಅಂಡ್ ವೆಸನ್ ಮಾಡೆಲ್ 19-4, ನಾಲ್ಕು ಇಂಚು. ಹೋಲ್ಸ್ಟರ್ ಉಜ್ಜಿ ಬ್ಯಾರೆಲ್ ತುದಿಯ ಬಣ್ಣ ಹೋಗಿದೆ. ರೇಂಜ್‌ನಲ್ಲಿ ಹೊಡೆಯುವುದು ಹೆಚ್ಚಾಗಿ ಇದೇ ರಿವಾಲ್ವರಿಗೆ ಹಿಡಿಸುವ, ಗಿಡ್ಡನೆಯ, ಮೆತ್ತಗಿನ .38 ಸ್ಪೆಷಲ್ ತೋಟಾ. ಎರಡರ ಮೇಲೂ ಒಂದೇ ಸಮ ಪ್ರೀತಿ, ಆದರೆ ಈಗ ಕೈ ಬಿಗಿ. ಯಾವುದನ್ನು ಉಳಿಸಿಕೊಳ್ಳಲಿ?

ಆರು ಗುಂಡು:
ಪೈಥಾನ್ ಮಾರಿ. ಡಬ್ಬಿ ಸಮೇತ ಇರುವ ಹಳೇ ಪೈಥಾನ್‌ಗೆ 19ರ ಎರಡು ಮೂರು ಪಟ್ಟು ಬೆಲೆ ಬರುತ್ತದೆ. 19 ಮಾರಿದರೆ ದುಡ್ಡಿನ ತಾಪತ್ರಯವೂ ತೀರುವುದಿಲ್ಲ, ಕೈಯಲ್ಲಿದ್ದದ್ದೂ ಹೋಗುತ್ತದೆ.

ರಿಪೇರಿ ಲೆಕ್ಕವೂ ಅದೇ ಕಡೆ ವಾಲುತ್ತದೆ. ಹಳೇ ಪೈಥಾನ್‌ನಲ್ಲಿ ತೋಟಾ ತುಂಬುವ ಸಿಲಿಂಡರನ್ನು ತಿರುಗಿಸುವ 'ಹ್ಯಾಂಡ್' ಎಂಬ ಪುಟ್ಟ ತುಂಡೇ ಟ್ರಿಗರ್ ಎಳೆದಾಗ ಸಿಲಿಂಡರನ್ನು ಒತ್ತಿ ಅಲುಗಾಡದಂತೆ ಹಿಡಿಯುತ್ತದೆ. ಅದಕ್ಕೇ ಆ ಬಿಗಿ, ಅದಕ್ಕೇ ಆ ಸವೆತ. ಸವೆದರೆ ಟೈಮಿಂಗ್ ತಪ್ಪುತ್ತದೆ, ಅಂದರೆ ತೋಟಾ ಕೂತ ಗೂಡು (ಚೇಂಬರ್) ಸರಿಯಾದ ಹೊತ್ತಿಗೆ ಬ್ಯಾರೆಲ್ ನೇರಕ್ಕೆ ಬಂದು ಲಾಕ್ ಆಗುವುದಿಲ್ಲ, ಸರಿಪಡಿಸಬಲ್ಲವರು ಬೆರಳೆಣಿಕೆಯಷ್ಟು. 2020ರಲ್ಲಿ ಮತ್ತೆ ಬಂದ ಪೈಥಾನ್‌ನ ಒಳಭಾಗಗಳು ಇದಕ್ಕೆ ಕೂರುವುದಿಲ್ಲ. 19ಕ್ಕಾದರೆ ಸಣ್ಣಪುಟ್ಟ ಭಾಗಗಳು ಎಲ್ಲೆಂದರಲ್ಲಿ ಸಿಗುತ್ತವೆ.

ಕೆ-ಫ್ರೇಮ್ ಕಾಕಾ:
ಸ್ವಲ್ಪ ತಾಳಿ. 19ಕ್ಕೂ ಒಂದು ಕಾಯಿಲೆ ಇದೆ. ಬ್ಯಾರೆಲ್ ಹಿಂತುದಿಯ ಫೋರ್ಸಿಂಗ್ ಕೋನ್ ಅನ್ನು ಕೆಳಗಡೆ ಚಪ್ಪಟೆಯಾಗಿ ಕತ್ತರಿಸಿರುತ್ತಾರೆ, ಸ್ಮಿತ್ ಅಂಡ್ ವೆಸನ್ನಿನ ಮಧ್ಯಮ ಗಾತ್ರದ ಚೌಕಟ್ಟಾದ ಕೆ-ಫ್ರೇಮ್‌ನಲ್ಲಿ ಬೇರೆ ಜಾಗವಿಲ್ಲ. ಅಲ್ಲಿ ಲೋಹ ತೆಳು. 125 ಗ್ರೇನ್ ತೂಕದ, ಜೋರು ಮದ್ದಿನ ಮ್ಯಾಗ್ನಂ ಗುಂಡು ಹೊಡೆದೂ ಹೊಡೆದೂ ಸರಿಯಾಗಿ ಅಲ್ಲೇ ಬಿರುಕು ಬಿಡುತ್ತದೆ. ಬಿಟ್ಟರೆ ಬ್ಯಾರೆಲ್ಲೇ ಬದಲಿಸಬೇಕು, ಆ ಬ್ಯಾರೆಲ್ ಸುಲಭಕ್ಕೆ ಸಿಗುವಂಥದ್ದಲ್ಲ. .38 ಮಾತ್ರ ಹೊಡೆದರೆ ಈ ಭಯವಿಲ್ಲ. ಹಿಂದಿನ ಮಾಲೀಕ ಏನು ಹೊಡೆದಿದ್ದನೋ ಯಾರಿಗೆ ಗೊತ್ತು.

ಹಾಗಾಗಿ ಮೊದಲು ಎರಡನ್ನೂ ಪರೀಕ್ಷೆ ಮಾಡಿ. ಆರೂ ಚೇಂಬರ್ ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಕೋನ್‌ನ ಮಸಿಯನ್ನು ಹಿತ್ತಾಳೆ ಬ್ರಷ್‌ನಿಂದ ತೆಗೆದು ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಕೆಳಭಾಗ ನೋಡಿ. ಮಸಿ ಇದ್ದರೆ ಬಿರುಕು ಕಾಣದು. ಆಮೇಲೆ ಸಿಲಿಂಡರ್ ಮೇಲೆ ಬೆರಳು ಹಗುರಾಗಿ ಒತ್ತಿ, ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಲಾಕ್ ಆಗಿರಬೇಕು. ಆರಕ್ಕೆ ಆರೂ ನೋಡಿ, ಒಂದೆರಡು ಚೇಂಬರ್ ಮಾತ್ರ ಸೋಮಾರಿಯಾಗಿರುವುದುಂಟು.

ಕೊನೆಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿಗಳು. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಬ್ಯಾರೆಲ್‌ಗೂ ಅದಕ್ಕೂ ನಡುವಿನ ಸಂದು ಅಳೆಯಿರಿ, ಮುಂದಕ್ಕೆ ಒತ್ತಿ ಮತ್ತೊಮ್ಮೆ. ಎರಡರ ವ್ಯತ್ಯಾಸವೇ ಸಿಲಿಂಡರ್ ಹಿಂದೆ ಮುಂದೆ ಅಲುಗುವ ಅಳತೆ, ಎಂಡ್‌ಶೇಕ್. ಸಂದು .004ರಿಂದ .006 ಇಂಚು ಇದ್ದರೆ ಚೆನ್ನ, .010 ದಾಟಿದರೆ ಕೆಲಸ ಇದೆ.

19ರ ಕೋನ್ ಬಿರುಕು ಬಿಟ್ಟಿದ್ದರೂ ಪೈಥಾನೇ ಹೋಗಲಿ. ಬಂದ ದುಡ್ಡಲ್ಲಿ ಸ್ವಲ್ಪ ತೆಗೆದು ಹಳೇ ರೂಗರ್ ಜಿಪಿ100 ಕೊಂಡುಕೊಳ್ಳಿ. ಅಂದದಲ್ಲಿ ಸಪ್ಪೆ, ಗಟ್ಟಿತನದಲ್ಲಿ ಎತ್ತು.

ನೀಲಿ ಉಕ್ಕು:
ಎಷ್ಟು ದುಡ್ಡು ಬೇಕೆಂದು ಗೌಡರು ಹೇಳಿಯೇ ಇಲ್ಲ. 19ರ ಬೆಲೆಯಲ್ಲೇ ಗಂಡಾಂತರ ಕಳೆಯುವುದಾದರೆ ಪೈಥಾನ್ ಮಾರಬೇಡಿ. ಮಾರಿದ ಮೇಲೆ ಅಂಥದ್ದನ್ನು ಮತ್ತೆ ಕೊಳ್ಳುವುದು ಕಷ್ಟ, 19 ಯಾವಾಗ ಬೇಕಾದರೂ ಸಿಗುತ್ತದೆ.

ಬೆಲೆ ನೋಡುವಾಗ ಕೇಳುವ ಬೆಲೆ ಬಿಟ್ಟು, ಬಂದೂಕುಗಳ ಆನ್‌ಲೈನ್ ಹರಾಜು ತಾಣ ಗನ್‌ಬ್ರೋಕರ್‌ನಲ್ಲಿ ಮುಗಿದ ಹರಾಜುಗಳ ಬೆಲೆ ನೋಡಿ. ಬಣ್ಣ ಹೊಸದಾಗಿ ಹಾಕಿಸಬೇಡಿ, ಸಂಗ್ರಾಹಕರು ಓಡಿಹೋಗುತ್ತಾರೆ. ಬೇರೆ ರಾಜ್ಯದವರಿಗಾದರೆ ಅವರ ಕಡೆಯ ಫೆಡರಲ್ ಬಂದೂಕು ಪರವಾನಗಿಯ, ಅಂದರೆ ಎಫ್‌ಎಫ್‌ಎಲ್ ಡೀಲರ್ ಮೂಲಕವೇ ಕೊಡಬೇಕು. ಎಚ್‌-1ಬಿ ವೀಸಾದ ಸ್ನೇಹಿತ ಕೇಳಿದರೆ ಮುಲಾಜಿಗೆ ಬೀಳಬೇಡಿ: ಅಮೆರಿಕದ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದಿದ್ದರೆ ಅವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ಗೊತ್ತಿದ್ದೂ ಕೊಟ್ಟರೆ ನಿಮ್ಮದೂ ಅಪರಾಧವೇ.

ಡಲ್ಲಾಸ್ ಗೌಡ:
19ರ ಬೆಲೆ ಸಾಲದು. ಅಳತೆ ಹೀಗಿದೆ: 19ರ ಕೋನ್ ಸ್ವಚ್ಛ, ಸಂದು ಹಿಂದಕ್ಕೆ ಒತ್ತಿದಾಗ .008, ಮುಂದಕ್ಕೆ .005. ಪೈಥಾನ್‌ನಲ್ಲಿ ಎರಡು ಚೇಂಬರ್ ತಡವಾಗಿ ಲಾಕ್ ಆಗುತ್ತಿವೆ. ರಿಪೇರಿ ಮಾಡಿಸಿ ಮಾರಲೇ?

ಕೆ-ಫ್ರೇಮ್ ಕಾಕಾ:
ಬೇಡ. ರಿಪೇರಿಗೆ ಕೊಟ್ಟರೆ ತಿಂಗಳುಗಟ್ಟಲೆ ಕೂರುತ್ತದೆ, ಹಾಕಿದ ದುಡ್ಡು ಬೆಲೆಯಲ್ಲಿ ಪೂರ್ತಿ ವಾಪಸ್ ಬರುವ ಖಾತ್ರಿಯಿಲ್ಲ. ಯಾವ ಎರಡು ಚೇಂಬರ್ ಎಂದು ಬರೆದು, ವಿಡಿಯೋ ಹಾಕಿ, ಇದ್ದದ್ದು ಇದ್ದಂತೆ ಮಾರಿ. ಸ್ಕ್ರೂಗಳಿಗೆ ಮಾತ್ರ ಕೈ ಹಾಕಬೇಡಿ, ತಲೆ ಕೆಟ್ಟಿರುವ ಸ್ಕ್ರೂ ಕಂಡರೆ ಕೊಳ್ಳುವವರು ಒಳಗೂ ಯಾರೋ ಕೆದಕಿದ್ದಾರೆ ಅಂದುಕೊಳ್ಳುತ್ತಾರೆ. 19ರ ಎಂಡ್‌ಶೇಕ್ .003 ಆಯಿತು, ಸಿಲಿಂಡರ್ ಒಳಗೆ .002 ಇಂಚಿನ ಒಂದು ಶಿಮ್ ವಾಷರ್ (ತೆಳು ಬಿಲ್ಲೆ) ಕೂರಿಸಿದರೆ ಸಾಕು, ಸಂದು .008 ಇರುವುದರಿಂದ ತೊಂದರೆಯಿಲ್ಲ. .38 ಹೊಡೆದಾಗಲೆಲ್ಲ ಚೇಂಬರ್ ಬ್ರಷ್ ಮಾಡಿ, ಇಲ್ಲದಿದ್ದರೆ ಮಸಿಯ ಉಂಗುರ ಕಟ್ಟಿ ಉದ್ದನೆಯ ಮ್ಯಾಗ್ನಂ ತೋಟಾ ಒಳಗೆ ಕೂರುವುದಿಲ್ಲ.