ಸಿಂಗಲ್ ಫ್ರೀಕ್ವೆನ್ಸಿ ಮೆಟಲ್ ಡಿಟೆಕ್ಟರ್ ಈಗಲೂ ತಗೊಳ್ಳಬಹುದಾ?

ನಾರ್ಫೋಕ್_ನಾಗ
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿದ್ದೇನೆ. ಇಬ್ಬರು ರೈತರು ಕೊಯ್ಲಿನ ನಂತರ, ಬಿತ್ತನೆಗೆ ಮುಂಚೆ ಹೊಲದಲ್ಲಿ ಹುಡುಕಲು ಒಪ್ಪಿದ್ದಾರೆ. ಆಗೀಗ ಗ್ರೇಟ್ ಯಾರ್ಮತ್ ಕಡೆ ಬೀಚಿಗೂ ಹೋಗಬೇಕೆಂದಿದೆ. ಬಜೆಟ್ ಎಲ್ಲ ಸೇರಿ 300 ಪೌಂಡ್. ನೋಕ್ಟಾ ಸಿಂಪ್ಲೆಕ್ಸ್ ಅಲ್ಟ್ರಾ, ಮೈನ್‌ಲ್ಯಾಬ್ ಎಕ್ಸ್‌-ಟೆರಾ ಪ್ರೋ ನೋಡಿಟ್ಟಿದ್ದೇನೆ. ಆದರೆ ಯೂಟ್ಯೂಬಿನಲ್ಲಿ ಎಲ್ಲರೂ "ಮಲ್ಟಿ ಇಲ್ಲದಿದ್ದರೆ ದುಡ್ಡು ದಂಡ" ಅಂತಾರೆ. ಎಕ್ಸ್‌-ಟೆರಾ ಪ್ರೋದಲ್ಲಿ 5, 8, 10, 15 ಕಿಲೋಹರ್ಟ್ಸ್ ನಾಲ್ಕೂ ಇವೆಯಲ್ಲ, ಅದು ಮಲ್ಟಿ ಅಲ್ವಾ?

ಕಾಯಿಲ್_ಕಟ್ಟೆ
ಕೊನೆಯ ಪ್ರಶ್ನೆ ಮೊದಲು. ಅಲ್ಲ. ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದು ಹೊತ್ತಿಗೆ ಕೆಲಸ ಮಾಡುವುದು ಒಂದೇ. 2009ರ ಎಕ್ಸ್‌ಪಿ ಡಿಯಸ್ ಕೂಡ ಹೀಗೇ ಇತ್ತು: 4, 8, 12, 18. ಮಲ್ಟಿ ಅಂದರೆ ಎರಡು ಅಥವಾ ಹೆಚ್ಚು ಫ್ರೀಕ್ವೆನ್ಸಿಯನ್ನು ಒಟ್ಟಿಗೆ ಕಳಿಸಿ, ಬಂದ ಉತ್ತರಗಳನ್ನು ಹೋಲಿಸುವುದು. ವ್ಯಾಂಕ್ವಿಶ್, ಈಕ್ವಿನಾಕ್ಸ್, ಲೆಜೆಂಡ್, ಡಿಯಸ್ 2 ಆ ಜಾತಿಯವು.

ಈ ಹೋಲಿಕೆಯಿಂದ ದೊಡ್ಡ ಲಾಭ ಸಿಗುವುದು ಒಂದೇ ಕಡೆ, ಉಪ್ಪುನೀರು ಕುಡಿದ ಮರಳಿನಲ್ಲಿ. ಉಪ್ಪುನೀರು ವಿದ್ಯುತ್ ಹರಿಸುತ್ತೆ, ಹಾಗಾಗಿ ಡಿಟೆಕ್ಟರ್‌ಗೆ ಅದು ತೆಳು ಫಾಯಿಲ್ ಥರ ಕೇಳಿಸುತ್ತೆ, ಫ್ರೀಕ್ವೆನ್ಸಿ ಏರಿದಷ್ಟೂ ಜೋರಾಗಿ. ಕಬ್ಬಿಣದ ಅಂಶದ ಕಪ್ಪು ಮರಳು ಹಾಗಲ್ಲ. ಫ್ರೀಕ್ವೆನ್ಸಿ ಬದಲಾದರೂ ಅದರ ಉತ್ತರ ಹೆಚ್ಚು ಬದಲಾಗಲ್ಲ. ಸಿಂಗಲ್ ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದನ್ನು ಅಡಗಿಸುವ ಹೊಂದಾಣಿಕೆ, ಒಂದೇ. ಅದನ್ನು ಉಪ್ಪಿಗೆ ಕೂರಿಸಿದರೆ ಕಪ್ಪು ಮರಳು ಕಿರುಚುತ್ತೆ, ಕಪ್ಪು ಮರಳಿಗೆ ಕೂರಿಸಿದರೆ ಉಪ್ಪು. ಎರಡನ್ನೂ ಒಟ್ಟಿಗೆ ಬಾಯಿ ಮುಚ್ಚಿಸೋದು ಸಿಂಗಲ್ಲಿಗೆ ಆಗಲ್ಲ, ಮಲ್ಟಿಗೆ ಆಗುತ್ತೆ.

ಉತ್ತ ಹೊಲದಲ್ಲಿ ಈ ಸಮಸ್ಯೆಯೇ ಇಲ್ಲ. ಅಲ್ಲಿ ಆಳಕ್ಕೋಸ್ಕರ ಮಲ್ಟಿ ತಗೊಂಡರೆ ನಿರಾಸೆ ಖಚಿತ. ಸಣ್ಣ ವಸ್ತುವಿನ ಸಿಗ್ನಲ್ ಆಳದ ಆರನೇ ಘಾತಕ್ಕೆ ಸರಿಯಾಗಿ ಕುಸಿಯುತ್ತೆ. ಆಳ ಎರಡರಷ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಸಿಗ್ನಲನ್ನು ಶೇ. 20ರಷ್ಟು ಜೋರು ಮಾಡಿದರೂ ಗಿಟ್ಟೋದು ಶೇ. 3ರಷ್ಟು ಆಳ. 20 ಸೆಂ.ಮೀ.ಗೆ ಕೇಳಿಸುವ ನಾಣ್ಯ 20.6ಕ್ಕೆ ಕೇಳಿಸಬಹುದು, ಅಷ್ಟೇ.

ಮೊಳೆ_ಮಾಸ್ಟರ್
ಕಾಯಿಲ್ ಕಟ್ಟೆಯವರ ಮಾತು ಸರಿ, ಆದರೆ ಹೊಲದಲ್ಲಿ ಯಾವ ಫ್ರೀಕ್ವೆನ್ಸಿ ಅನ್ನೋದು ಮುಖ್ಯ. ನಾರ್ಫೋಕ್ ಹೊಲಗಳಲ್ಲಿ ಎಲ್ಲರೂ ಕನಸು ಕಾಣೋದು ಕೈಯಲ್ಲಿ ಬಡಿದು ಅಚ್ಚೊತ್ತಿದ ಬೆಳ್ಳಿ ಪೆನ್ನಿಗಳನ್ನು. ಒಂದನೇ ಎಡ್ವರ್ಡ್ ಕಾಲದ ಪೆನ್ನಿ ಸುಮಾರು 1.4 ಗ್ರಾಂ, ಕಾಗದದಷ್ಟು ತೆಳು. ಅದಕ್ಕೂ ಹಿಂದಿನ ಪೆನ್ನಿಗಳನ್ನು ಚಿಲ್ಲರೆಗಾಗಿ ನಾಲ್ಕಾಗಿ ಕತ್ತರಿಸುತ್ತಿದ್ದರು; ಆ ಕಾಲುಭಾಗ ಕಿರುಬೆರಳ ಉಗುರಿನಷ್ಟು. ಗ್ಯಾರೆಟ್ ಏಸ್ 250ಯ 6.5 ಕಿಲೋಹರ್ಟ್ಸ್‌ಗೆ ಅದು ಬಹಳ ಸಲ ಕೇಳಿಸೋದೇ ಇಲ್ಲ, 15ಕ್ಕೆ ಕೇಳಿಸುತ್ತೆ. ಜಾರ್ಜ್ ದೊರೆಗಳ ಕಾಲದ ದಪ್ಪ ತಾಮ್ರದ ಪೆನ್ನಿ, ದೊಡ್ಡ ಬೆಳ್ಳಿ ನಾಣ್ಯಕ್ಕೆ 5-8 ಸಾಕು.

ಹಾಗಂತ ಸದಾ 15ರಲ್ಲೇ ಇರಬೇಡಿ. ಆ ಹೊಲಗಳಲ್ಲಿ ಕೋಕ್ ಜಾಸ್ತಿ, ಅಂದರೆ ಅರೆಬೆಂದ ಕಲ್ಲಿದ್ದಲ ಚೂರು. ಹಿಂದೆ ಮನೆಗಳ ಒಲೆಬೂದಿಯನ್ನು ಗೊಬ್ಬರದ ಜೊತೆ ಹೊಲಕ್ಕೆ ಸುರಿಯುತ್ತಿದ್ದರು. ಡಿಟೆಕ್ಟರ್ ಪರದೆಯಲ್ಲಿ ಕೋಕಿಗೆ ಬರುವ ನಂಬರ್ ಸಣ್ಣ ಬೆಳ್ಳಿ ಚೂರಿನ ನಂಬರ್ ಹತ್ತಿರವೇ ಇರುತ್ತೆ, ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಗಲಾಟೆ ಹೆಚ್ಚು. ಹೆಜ್ಜೆಗೊಂದು ಕೋಕ್ ಇರುವ ಪಟ್ಟಿಯಲ್ಲಿ 8ಕ್ಕೆ ಇಳಿಸಿ, ಮೌನವಾಗುತ್ತೆ. ಕಾಲುಪೆನ್ನಿ ಕೈತಪ್ಪಬಹುದು, ಆದರೆ ಮಧ್ಯಾಹ್ನದ ಹೊತ್ತಿಗೆ ಜೇಬು ತುಂಬ ಇದ್ದಲು ಆಗಲ್ಲ. ಈ ಸೌಲಭ್ಯ ಎಕ್ಸ್‌-ಟೆರಾ ಪ್ರೋದಲ್ಲಿದೆ. ಸಿಂಪ್ಲೆಕ್ಸ್ ಅಲ್ಟ್ರಾದಲ್ಲಿ 15 ಒಂದೇ. ನಾನಾದರೆ ಈ ಕಾರಣಕ್ಕೇ ಎಕ್ಸ್‌-ಟೆರಾ ಪ್ರೋ ಅನ್ನುತ್ತೇನೆ. ನೀರಿಗೆ ಎರಡೂ 5 ಮೀಟರ್‌ವರೆಗೆ ತಡೆಯುತ್ತವೆ.

ಮೊಳೆಗಳ ನಡುವೆ ಬಿದ್ದ ನಾಣ್ಯ ಹೆಕ್ಕೋದಕ್ಕೂ ಮಲ್ಟಿಗೂ ಹೆಚ್ಚು ಸಂಬಂಧ ಇಲ್ಲ. ಅಲ್ಲಿ ಬೇಕಿರೋದು ರಿಕವರಿ ಸ್ಪೀಡ್, ಅಂದರೆ ಒಂದು ಸಿಗ್ನಲ್ ಮುಗಿಸಿ ಮುಂದಿನದಕ್ಕೆ ಯಂತ್ರ ಎಷ್ಟು ಬೇಗ ತಯಾರಾಗುತ್ತೆ ಅನ್ನೋದು. ಜೊತೆಗೆ ಸಣ್ಣ ಕಾಯಿಲ್, ಅಂದರೆ ನೆಲದ ಮೇಲೆ ಬೀಸುವ ತಟ್ಟೆ. ಹಳೇ ಮನೆ ಇದ್ದ ಜಾಗದಲ್ಲಿ 11 ಇಂಚಿನ ಕಾಯಿಲ್ ಕೆಳಗೆ ಏಕಕಾಲಕ್ಕೆ ಮೂರು ಮೊಳೆ ಇರುತ್ತವೆ. 6 ಇಂಚಿನದ್ದರ ಕೆಳಗೆ ಒಂದು.

ನಾರ್ಫೋಕ್_ನಾಗ
ಕೋಕ್ ವಿಷಯ ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್ ಸರ್. ಹಾಗಾದ್ರೆ ಬೀಚನ್ನು ಪೂರ್ತಿ ಕೈಬಿಡಬೇಕಾ?

ಉಪ್ಪುಗಾಳಿ
ಬೇಡ ಮಾರಾಯ್ರೆ. ಒಣ ಮರಳಿನಲ್ಲಿ ಸಿಂಗಲ್ ಚೆನ್ನಾಗೇ ಓಡ್ತದೆ. ರಜೆಗೆ ಬಂದವರ ಚಿಲ್ಲರೆ, ಉಂಗುರ ಹೆಚ್ಚಾಗಿ ಅಲ್ಲೇ ಬೀಳುವುದು. ಒದ್ದೆ ಮರಳಿಗೆ ಇಳಿದರೆ ಹೀಗೆ ಮಾಡಿ: ಮೊದಲು ಬೀಚ್ ಮೋಡ್ ಹಾಕಿ. ಸೆನ್ಸಿಟಿವಿಟಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಇಳಿಸಿ. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಹಿಡಿಯಿರಿ. ಆಮೇಲೆ ನೀರಿನ ಅಂಚಿಗೆ ಸಮಾಂತರವಾಗಿ ನಡೆಯಿರಿ, ಯಾಕಂದ್ರೆ ಆ ಗೆರೆಯುದ್ದಕ್ಕೂ ಒದ್ದೆ ಹೆಚ್ಚುಕಮ್ಮಿ ಒಂದೇ ಇರ್ತದೆ. ನೀರಿನ ಕಡೆಗೆ ಎರಡು ಮೀಟರ್ ಸರಿದರೆ ಬ್ಯಾಲೆನ್ಸ್ ಮತ್ತೆ ಹಿಡಿಯಬೇಕು.

ಕಾಯಿಲನ್ನು ಮರಳಿಂದ 3-5 ಸೆಂ.ಮೀ. ಮೇಲೆ, ಒಂದೇ ಎತ್ತರದಲ್ಲಿ ಬೀಸಿ. ಬೀಸಿನ ಕೊನೆಗೆ ಕೈ ಮೇಲೆ ಹೋಯಿತೋ, ಅಲ್ಲೇ ಸುಳ್ಳು ಸಿಗ್ನಲ್. ಫಾಯಿಲ್ ಥರದ ಸಿಗ್ನಲ್ ಬರುವ ನಂಬರ್‌ಗಳನ್ನು ಕೇಳಿಸದಂತೆ ಕತ್ತರಿಸಿಬಿಟ್ಟರೆ ಗದ್ದಲ ನಿಲ್ತದೆ ನಿಜ, ಜೊತೆಗೆ ತೆಳು ಬಂಗಾರದ ಉಂಗುರ, ಚೈನೂ ಕೇಳದ ಹಾಗಾಗ್ತದೆ.

ಇಷ್ಟೆಲ್ಲ ಸರ್ಕಸ್ ಬೇಡ, ಒದ್ದೆ ಮರಳಲ್ಲೇ ಹೆಚ್ಚು ಹೊತ್ತು ಕಳೆಯುವುದು ಅಂತಿದ್ರೆ ವ್ಯಾಂಕ್ವಿಶ್ 340 ನೋಡಿ. ಮಲ್ಟಿ ಅದು. ಆದರೆ ಕೈಯಿಂದ ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಲಿಕ್ಕಾಗುವುದಿಲ್ಲ, ಕಂಟ್ರೋಲ್ ಬಾಕ್ಸ್ ನೀರಿಗೆ ಬಿದ್ದರೆ ಹೋಯ್ತು.

ಅಡಿಕೆಪಟ್ಟೆ
ನಡುವೆ ಬಾಯಿ ಹಾಕ್ತಿದ್ದೇನೆ. ಪುತ್ತೂರಿನಲ್ಲಿ ತೋಟದಲ್ಲಿ ಬಿದ್ದ ಬಂಗಾರದ ಉಂಗುರ ಹುಡುಕಲು ಸಿಂಗಲ್ ಸಾಕಾ? ಮುರಕಲ್ಲಿನ ಮಣ್ಣು.

ಉಪ್ಪುಗಾಳಿ
ಸಾಕು. ಉಂಗುರ ಈಚೆಗೆ ಬಿದ್ದದ್ದಾದರೆ ತರಗೆಲೆ ಅಡಿಯಲ್ಲೋ, ಒಂದೆರಡು ಇಂಚು ಮಣ್ಣಲ್ಲೋ ಇರ್ತದೆ. ಮುರಕಲ್ಲಿನ ಮಣ್ಣಲ್ಲಿ ಕಬ್ಬಿಣದ ಆಕ್ಸೈಡ್ ಹೆಚ್ಚು, ಹಾಗಾಗಿ ಆಳ ಕಡಿಮೆಯಾಗ್ತದೆ. ಆದರೆ ನಿಮಗೆ ಆಳ ಬೇಡವಲ್ಲ. ಕೈಯಿಂದ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಇರುವ ಯಂತ್ರವೇ ಆಗಬೇಕು. ಹಿಂದೆ ಸುಡುಮಣ್ಣು ಮಾಡಿದ ಜಾಗ ಇದ್ದರೆ ಅಲ್ಲಿ ಬೇರೆಯೇ ಬ್ಯಾಲೆನ್ಸ್ ಹಿಡಿಯಿರಿ. ಬೆಂಕಿಗೆ ಮಣ್ಣಿನ ಕಾಂತಗುಣ ಹೆಚ್ಚಾಗಿರ್ತದೆ, ಉಳಿದ ತೋಟದ ಸೆಟ್ಟಿಂಗ್ ಅಲ್ಲಿ ನಡೆಯುವುದಿಲ್ಲ. ಹಗ್ಗ ಕಟ್ಟಿ ಒಂದೊಂದು ಮೀಟರ್ ಅಗಲದ ಸಾಲು ಮಾಡಿ, ಪ್ರತಿ ಬೀಸು ಹಿಂದಿನದರ ಅರ್ಧವನ್ನಾದರೂ ಮುಚ್ಚಲಿ. ಒಂದೇ ಉಂಗುರಕ್ಕೆ ಹೊಸ ಯಂತ್ರ ಕೊಳ್ಳುವ ಬದಲು ಬಾಡಿಗೆಗೆ ಸಿಗ್ತದಾ ವಿಚಾರಿಸಿ. ಮತ್ತೆ, ಹುಡುಕಾಟ ನಿಮ್ಮ ತೋಟದ ಬೇಲಿಯೊಳಗೇ ಇರಲಿ. ಹಳೇ ದೇವಸ್ಥಾನ, ಕೋಟೆ ಸುತ್ತ ಇದನ್ನು ಹಿಡಿದು ನಿಂತರೆ ನಿಧಿಗಳ್ಳರ ಲೆಕ್ಕಕ್ಕೆ ಸೇರ್ತೀರಿ.

ಮೊಳೆ_ಮಾಸ್ಟರ್
ನಾಗ ಅವರೇ, ನಾರ್ಫೋಕ್‌ನಲ್ಲೂ ಕಾನೂನು ಸಡಿಲ ಇಲ್ಲ. ಶೆಡ್ಯೂಲ್ಡ್ ಮಾನ್ಯುಮೆಂಟ್, ಅಂದರೆ ಕಾನೂನಿನ ರಕ್ಷಣೆ ಇರುವ ಪುರಾತನ ಸ್ಮಾರಕ, ಆಗಿರುವ ಜಾಗದಲ್ಲಿ ರೈತ ಒಪ್ಪಿದರೂ ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವಂತಿಲ್ಲ. 300 ವರ್ಷ ದಾಟಿದ ಬೆಳ್ಳಿ-ಬಂಗಾರದ ನಾಣ್ಯ ಒಂದೇ ಕಡೆ ಎರಡು ಸಿಕ್ಕರೂ 1996ರ ಟ್ರೆಷರ್ ಆಕ್ಟ್ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ, ಜಿಲ್ಲೆಯ ಫೈಂಡ್ಸ್ ಲಯೇಸನ್ ಆಫೀಸರ್‌ಗೆ ಹೇಳಿದರೆ ದಾರಿ ತೋರಿಸ್ತಾರೆ. ಸಿಕ್ಕದ್ದರಲ್ಲಿ ಪಾಲು ಹೇಗೆ ಅನ್ನೋದನ್ನು ರೈತರ ಜೊತೆ ಈಗಲೇ ಕಾಗದದಲ್ಲಿ ಬರೆದುಕೊಳ್ಳಿ.

ಕಾಯಿಲ್_ಕಟ್ಟೆ
300 ಪೌಂಡನ್ನು ಪೂರ್ತಿ ಡಿಟೆಕ್ಟರ್‌ಗೇ ಸುರಿಯಬೇಡಿ. ಪಿನ್‌ಪಾಯಿಂಟರ್ (ಗುಂಡಿಯೊಳಗೆ ವಸ್ತುವಿನ ನಿಖರ ಜಾಗ ತೋರಿಸುವ ಕೈಯಳತೆಯ ಪುಟ್ಟ ಡಿಟೆಕ್ಟರ್) ಮತ್ತು ಅಂಚು ಹರಿತ ಇರುವ ಗಟ್ಟಿ ಸನಿಕೆಗೆ ಎತ್ತಿಡಿ. ಪಿನ್‌ಪಾಯಿಂಟರ್ ಇಲ್ಲದೆ, ಅಗೆದ ಮಣ್ಣಿನ ಹೆಂಟೆಯೊಳಗೆ ಕಾಲುಪೆನ್ನಿ ಹುಡುಕೋದು ಆಗದ ಮಾತು.

ಸೆಕೆಂಡ್ ಹ್ಯಾಂಡ್‌ನಲ್ಲಿ ಫಿಶರ್ ಎಫ್75, ಟೆಕ್ನೆಟಿಕ್ಸ್ ಟಿ2 ಸಿಕ್ಕರೆ ಬಿಡಬೇಡಿ. ಎರಡೂ 13 ಕಿಲೋಹರ್ಟ್ಸ್, ಎಲ್ಲರೂ ಮಲ್ಟಿ ಹಿಂದೆ ಓಡುತ್ತಿರೋದರಿಂದ ಬೆಲೆ ಇಳಿದಿದೆ. ಟೆಸೋರೋ ಕಂಪನಿ ಮುಚ್ಚಿದೆ, ಬಿಡಿಭಾಗಕ್ಕೆ ಪರದಾಟ. ನೋಡುವಾಗ ಕಾಯಿಲ್ ನೆಲದ ಮೇಲಿಟ್ಟು ಯಂತ್ರ ಆನ್ ಮಾಡಿ, ಕನೆಕ್ಟರ್ ಹತ್ತಿರ ಕೇಬಲ್ ಅಲುಗಾಡಿಸಿ. ಕಿರ್ ಅಂದರೆ ಒಳಗೆ ತಂತಿ ಕಡಿದಿದೆ. ಕಾಯಿಲ್ ಕೋಲಿಗೆ ಸೇರುವ ಕಿವಿಗಳಲ್ಲಿ ಬಿರುಕು, ಬ್ಯಾಟರಿ ಡಬ್ಬಿಯಲ್ಲಿ ಹಸಿರು ಪಾಚಿ ಥರದ ತುಕ್ಕು ನೋಡಿ. ಗ್ಯಾರೆಟ್, ಮೈನ್‌ಲ್ಯಾಬ್ ಹೆಸರಲ್ಲಿ ನಕಲಿ ಮಾಲು ಓಡಾಡುತ್ತೆ, ಸೀರಿಯಲ್ ನಂಬರ್ ಕಂಪನಿಗೆ ಕಳಿಸಿ ಖಚಿತಪಡಿಸಿಕೊಂಡೇ ದುಡ್ಡು ಕೊಡಿ.

ನಾರ್ಫೋಕ್_ನಾಗ
ಎಕ್ಸ್‌-ಟೆರಾ ಪ್ರೋ, ಪಿನ್‌ಪಾಯಿಂಟರ್, ಸನಿಕೆ. ತೀರ್ಮಾನ ಆಯ್ತು. ಕೊನೇದೊಂದು: ಹೊಲದಲ್ಲಿ ಸುಮ್ಮನೆ ಚಟಪಟ ಅಂತಿದ್ದರೆ ಮಣ್ಣಿನ ದೋಷವೋ ಯಂತ್ರದ್ದೋ ತಿಳಿಯೋದು ಹೇಗೆ?

ಮೊಳೆ_ಮಾಸ್ಟರ್
ಕಾಯಿಲನ್ನು ಸೊಂಟದೆತ್ತರಕ್ಕೆ ಎತ್ತಿ ಅಲುಗಾಡಿಸದೆ ಹಿಡಿಯಿರಿ. ಆಗಲೂ ಸದ್ದು ಬಂದರೆ ಹೊರಗಿನ ವಿದ್ಯುತ್ ತೊಂದರೆ. ಹೆಚ್ಚುಕಮ್ಮಿ ಸೆಕೆಂಡಿಗೊಂದು ಟಿಕ್ ಅಂದರೆ ದನದ ಕರೆಂಟ್ ಬೇಲಿ. ನಾಯ್ಸ್ ಕ್ಯಾನ್ಸಲ್ ಒತ್ತಿ, ಆಗದಿದ್ದರೆ ಫ್ರೀಕ್ವೆನ್ಸಿ ಬದಲಿಸಿ, ಅದೂ ಆಗದಿದ್ದರೆ ಬೇಲಿಯಿಂದ ದೂರ ಸರಿಯಿರಿ. ಎತ್ತಿದಾಗ ಸುಮ್ಮನಿದ್ದು, ನೆಲದ ಮೇಲೆ ಬೀಸಿದಾಗ ಮಾತ್ರ ಸದ್ದು ಬಂದರೆ ಗ್ರೌಂಡ್ ಬ್ಯಾಲೆನ್ಸ್ ಮತ್ತೆ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಕಾಯಿಲ್ ಕವರ್ ಬಿಚ್ಚಿ ಒಳಗೆ ಸೇರಿದ ಮಣ್ಣು ಕೊಡವಿ, ಕೋಲಿಗೆ ಸುತ್ತಿದ ಕೇಬಲ್ ಸಡಿಲ ಇದ್ದರೆ ಬಿಗಿಯಾಗಿ ಸುತ್ತಿ ಪಟ್ಟಿ ಹಾಕಿ.